ಕಡುಬಿನ ಮೇಲೆ ಚಿಗಟದ ಕೇಸು

ಗಂಡನ ಕೋಪವನ್ನು ಹೇಗಾದರೂ ಸಹಿಸಿಕೊಳ್ಳಬಹುದು ಕಣ್ರೀ, ಗಂಡನ ಅಣ್ಣನ ತುರಿಕೆಯನ್ನು ಸಹಿಸಿಕೊಳ್ಳುವುದಕ್ಕಾಗುವುದಿಲ್ಲ. ಇದು ನನ್ನ ಸ್ವಂತ ಅನುಭವ.

ನಮ್ಮ ಭಾವನವರು, ಅಂದರೆ ನಮ್ಮ ಯಜಮಾನರ ಅಣ್ಣ ಮರುಳಸಿದ್ದಪ್ಪನವರು, ದಾವಣಗೆರೆಯಲ್ಲಿ ಮೆಕ್ಕೆಜೋಳದ ಮಂಡಿ ಇಟ್ಟವರು. ಯುಗಾದಿಗೆ ಬನಶಂಕರಿ ಎರಡನೇ ಸ್ಟೇಜಿನ ನಮ್ಮ ಮನೆಗೆ ಬಂದಿದ್ದರು. ಅತಿಥಿಗಳ ರೂಮಿನಲ್ಲಿ ಮಲಗಿದವರು ಬೆಳಿಗ್ಗೆ ಎದ್ದು ಬಂದಾಗ ಎರಡೂ ತೋಳಿನ ಮೇಲೆ ಕೆಂಪು ದದ್ದು. ಅದೂ ಅಲ್ಲೊಂದು ಇಲ್ಲೊಂದು ಅಲ್ಲ, ಮಂಡಿಯಲ್ಲಿ ಚೀಲ ಜೋಡಿಸಿಟ್ಟ ಹಾಗೆ ಸಾಲಾಗಿ. ಒಂದು ಕೈಯಲ್ಲಿ ಒಬ್ಬಟ್ಟು ಹಿಡಿದು ಇನ್ನೊಂದು ಕೈಯಲ್ಲಿ ಕೆರೆದುಕೊಳ್ಳುತ್ತಾ ಅವರು ತಮ್ಮನ ಕಡೆ ತಿರುಗಿ ತೀರ್ಪು ಕೊಟ್ಟೇಬಿಟ್ಟರು.

"ವಿಜಿ, ಇದು ನಿಮ್ಮ ನಾಯಿ ಚಿಗಟ. ಬೇರೆ ಮಾತೇ ಇಲ್ಲ."

ಆರೋಪಿಯ ಪರಿಚಯ ಮಾಡಿಕೊಡುತ್ತೇನೆ. ಹೆಸರು ಕಡುಬು. ಯಡಿಯೂರು ಕೆರೆ ಹತ್ತಿರ ನಾನು ವಾಕಿಂಗ್ ಮುಗಿಸಿ ಬರುವಾಗ ಹಿಂದೆಯೇ ಬಂದು, ಗೇಟಿನೊಳಗೆ ನುಗ್ಗಿ, ನನ್ನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿದ ಬೀದಿ ನಾಯಿಮರಿ. ಈಗ ಬೆಳೆದು ಹೆಸರಿಗೆ ತಕ್ಕ ಮೈ ಬಂದಿದೆ. ಊಟದ ಹೊತ್ತಿಗೆ ನನ್ನ ಪಾದದ ಮೇಲೆ ಕೂತೇ ಕಾಯುತ್ತದೆ. ನನ್ನ ಮಾತನ್ನು ಈ ಮನೆಯಲ್ಲಿ ಪೂರ್ತಿ ಕೇಳಿಸಿಕೊಳ್ಳುವುದು ಅದೊಂದೇ. (ಯಜಮಾನರು ಪೇಪರ್ ಓದುತ್ತಾ ಕೇಳಿಸಿಕೊಳ್ಳುತ್ತಾರೆ, ಅದು ಲೆಕ್ಕಕ್ಕಿಲ್ಲ.)

ಇನ್ನು ಆ ಅತಿಥಿಗಳ ರೂಮಿನ ಹಾಸಿಗೆ. ಅದರ ಬಗ್ಗೆ ನಾನು ಹೇಳದೆ ಬಿಟ್ಟರೆ ನನ್ನ ತವರಿಗೆ ಅವಮಾನ. ಕೊಟ್ಟೂರಿನಲ್ಲಿ ನಮ್ಮಪ್ಪ ಹತ್ತಿ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ ತಾವೇ ಆರಿಸಿದ ಹತ್ತಿಯಲ್ಲಿ ಎದುರಿಗೆ ನಿಂತು ಹೊಲಿಸಿದ ಜೋಡಿ ಹಾಸಿಗೆ. ಕೆಂಪು ಪಟ್ಟೆಯ ಗಟ್ಟಿ ಬಟ್ಟೆ, ಆನೆ ಮಲಗಿದರೂ ತಗ್ಗು ಬೀಳದು. ಹೋದ ದೀಪಾವಳಿಯಲ್ಲಿ ಅಮ್ಮ ಒಂದನ್ನು ಅಟ್ಟದಿಂದ ಇಳಿಸಿ ಬಸ್ಸಿಗೆ ಹಾಕಿ ಕಳಿಸಿದಳು. ಅದರ ಜೊತೆಯದು ಇನ್ನೂ ಊರಲ್ಲೇ ಇದೆ. ಅಂಥ ಹಾಸಿಗೆಯನ್ನು ನಾವು ಮಲಗಿ ಹಾಳು ಮಾಡುವುದೇ? ಅತಿಥಿಗಳಿಗೇ ಮೀಸಲು ಅಂತ ಆ ರೂಮಿನ ಮಂಚಕ್ಕೆ ಹಾಸಿದ್ದೆ. ಸೋಫಾ, ದಿವಾನ, ಕೊನೆಗೆ ಇಸ್ತ್ರಿ ಬಟ್ಟೆಯ ಗಂಟನ್ನೂ ಬಿಡದೆ ಹತ್ತಿ ಮಲಗುವ ಕಡುಬು ಆ ಮಂಚವನ್ನು ಮಾತ್ರ ಹತ್ತುತ್ತಿರಲಿಲ್ಲ. ಅದೇ ರೂಮಿನ ಮೂಲೆಯಲ್ಲಿ ತನ್ನ ಚಾಪೆಯ ಮೇಲೆ ಮಲಗುತ್ತಿತ್ತೇ ಹೊರತು ಹಾಸಿಗೆಯನ್ನು ದೂರದಿಂದ ಮೂಸಿ ಹಿಂದೆ ಸರಿಯುತ್ತಿತ್ತು.

"ನೋಡಿದ್ರಾ? ಮೂಕ ಪ್ರಾಣಿಗೂ ನಮ್ಮ ತವರಿನ ವಸ್ತು ಅಂದ್ರೆ ಎಷ್ಟು ಗೌರವ!" ಎಂದು ನಾನು ಯಜಮಾನರಿಗೆ ಆಗಾಗ ತೋರಿಸುತ್ತಿದ್ದೆ. ಅವರು ಪೇಪರಿನ ಹಿಂದಿನಿಂದ "ಹೂಂ" ಅನ್ನುತ್ತಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲೇ ಬನಶಂಕರಿಯ ಛತ್ರದಲ್ಲಿ ನಮ್ಮವರದೊಂದು ಮದುವೆ. ಭಾವನವರ ಫೋನ್ ಬಂತು. "ಬರ್ತೀನಿ. ಆದರೆ ಆ ನಾಯಿ ಇದ್ರೆ ನಾನು ಲಾಡ್ಜಲ್ಲಿ ಇರ್ತೀನಿ."

ಒಡಹುಟ್ಟಿದ ಅಣ್ಣ ಬೆಂಗಳೂರಿಗೆ ಬಂದು ಲಾಡ್ಜಿನಲ್ಲಿ ಉಳಿಯುವುದು ಅಂದರೇನು! ನಮ್ಮ ಯಜಮಾನರ ಮುಖ ಬಾಡಿಹೋಯಿತು. ಮಧ್ಯಾಹ್ನದ ಹೊತ್ತಿಗೆ ಗಡೀಪಾರಿನ ಆದೇಶ ಹೊರಬಿತ್ತು.

"ತಲಘಟ್ಟಪುರದ ಬೋರಣ್ಣನ ತೋಟದ ಮನೇಲಿ ಬಿಟ್ಟು ಬರೋಣ. ಮದುವೆ ಮುಗಿಯೋವರೆಗೆ ಅಷ್ಟೇ."

"ಬೋರಣ್ಣನಾ? ಎದುರು ಮನೆಯವರು ನಾಕು ದಿನಕ್ಕೆ ಅಂತ ಬಿಟ್ಟ ನಾಯಿ ಏನಾಯ್ತು? ಅಲ್ಲೇ ಎಮ್ಮೆ ಕಾಯ್ತಾ ಇದೆ. ಕೇಳೋಕೆ ಹೋದ್ರೆ, 'ಅದು ನನಗೆ ಹೊಂದ್ಕೊಂಡ್ಬಿಟ್ಟಿದೆ ಅಕ್ಕ' ಅಂತಾರೆ. ಅವರ ಗೇಟು ದಾಟಿದ ನಾಯಿ ವಾಪಸ್ ಬಂದಿದ್ದು ನೀವು ನೋಡಿದೀರಾ?"

"ಮತ್ತೆ ನಮ್ಮಣ್ಣನಿಗೆ ಏನು ಹೇಳಲಿ? ಅವನಿಗಿಂತ ನಾಯಿ ಹೆಚ್ಚಾಯ್ತು ಅಂತಲಾ?"

ಹೌದು ಅನ್ನಬೇಕೆನಿಸಿತು. ಅನ್ನಲಿಲ್ಲ. ಬದಲಿಗೆ ಪ್ರತಿಜ್ಞೆ ಮಾಡಿದೆ. "ಭಾವನವರು ಬರೋದರೊಳಗೆ ಈ ಮನೇಲಿ ಒಂದೇ ಒಂದು ಚಿಗಟ ಉಳಿದಿದ್ರೆ ನಾನೇ ಕಡುಬನ್ನ ಕಾರಿಗೆ ಹತ್ತಿಸ್ತೀನಿ."

ಯಜಮಾನರು ತಕ್ಷಣ ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದು ನೋಡಿ ನನಗೆ ಸಂಕಟವಾಯಿತು.

ವಿಷ ಸಿಂಪಡಿಸುವ ಹಾಗಿಲ್ಲ, ಕಡುಬು ನೆಲವನ್ನೆಲ್ಲ ನೆಕ್ಕುತ್ತದೆ. ಮೊಬೈಲಿನಲ್ಲಿ ಹುಡುಕಾಡಿದಾಗ ಸಿಕ್ಕಿತು ನೋಡಿ ದಿವ್ಯಾಸ್ತ್ರ: ಡಯಾಟಮೇಶಿಯಸ್ ಅರ್ತ್. ಯಾವುದೋ ಯುಗದಲ್ಲಿ ನೀರಿನಲ್ಲಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಚಿಪ್ಪು ಸೇರಿ ಆದ ಬಿಳಿ ಮಣ್ಣಿನ ಪುಡಿಯಂತೆ. ಹುಳು ಅದರ ಮೇಲೆ ಹರಿದರೆ ಮೈಯ ಜಿಡ್ಡೆಲ್ಲ ಹೀರಿಹೋಗಿ ಕೆಲವು ದಿನಗಳಲ್ಲಿ ಒಣಗಿ ಸಾಯುತ್ತದಂತೆ.

"ಮಣ್ಣಿಗೆ ಅಷ್ಟುದ್ದ ಹೆಸರಾ?" ಎಂದು ಯಜಮಾನರು ಗೊಣಗಿದರೂ ತರಿಸಿಕೊಟ್ಟರು. ತರಿಸಿದ್ದು ದೊಡ್ಡ ಮೂಟೆ. ಅದನ್ನು ಹೊತ್ತು, ಕಡುಬನ್ನೂ ಕರೆದುಕೊಂಡು ನಾಯಿ ಡಾಕ್ಟರ್ ಸಂಗೀತಾ ಅವರ ಹತ್ತಿರ ಹೋದೆವು. ಅವರು ಮೂಟೆಯ ಮೇಲಿನ ಅಕ್ಷರ ಓದಿ ಕನ್ನಡಕ ತೆಗೆದರು.

"ಸಾರ್, ಇದು ಈಜುಕೊಳದ ಫಿಲ್ಟರ್‌ಗೆ ಹಾಕೋದು. ಮನೆಯೊಳಗೆ ಬಿಚ್ಚಲೇಬೇಡಿ, ಇದರ ಧೂಳು ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು. ಫುಡ್ ಗ್ರೇಡ್ ಅಂತ ಬರೆದಿರೋದು ತಗೊಳ್ಳಿ."

"ಫುಡ್ ಗ್ರೇಡ್ ಅಂದ್ರೆ ಎಷ್ಟು ಬೇಕಾದ್ರೂ ಹಾಕಬಹುದಲ್ವಾ ಡಾಕ್ಟ್ರೇ?" ಎಂದೆ.

"ಇಲ್ಲ ಮೇಡಂ. ಅದರ ಧೂಳೂ ಎಳ್ಕೋಬಾರದು, ನೀವೂ ಅಷ್ಟೇ, ನಾಯೀನೂ ಅಷ್ಟೇ. ಮಾಸ್ಕ್ ಹಾಕ್ಕೊಳ್ಳಿ, ನಾಯೀನ ಹೊರಗಿಡಿ. ಸಂದಿಗೊಂದಿಗೆ ತೆಳ್ಳಗೆ, ಕಂಡೂ ಕಾಣದ ಹಾಗೆ ಹಾಕಿ. ನಾಯಿ ಮೈಗೆ ಬೇಡ, ಚಿಗಟ ಇದ್ರೆ ಅದಕ್ಕೆ ನಾನೇ ಬೇರೆ ಔಷಧಿ ಕೊಡ್ತೀನಿ." ಕಡುಬಿನ ಕೂದಲನ್ನು ಬಾಚಣಿಗೆಯಲ್ಲಿ ಬಾಚಿ, ಕಿವಿ, ಬಾಲ, ಹೊಟ್ಟೆ ಎಲ್ಲ ನೋಡಿದರು. "ಆದರೆ ಇದರ ಮೈಮೇಲೆ ಒಂದೂ ಚಿಗಟ ಇಲ್ಲವಲ್ಲ!"

ಡಾಕ್ಟರ ಹೆಸರು ಕೇಳಿ ಚಿಗಟಗಳು ಮನೆಯಲ್ಲೇ ಇಳಿದುಕೊಂಡಿರಬೇಕು ಎಂದುಕೊಂಡೆ. ನನ್ನ ಬುದ್ಧಿಗೆ ಏನನ್ನಬೇಕೋ ನೀವೇ ಹೇಳಿ.

ಡಾಕ್ಟರು ಹೇಳಿದ ಪುಡಿ ಬಂತು. ತೆಳ್ಳಗೆ ಅಂದರು ನಿಜ. ಆದರೆ ಹೋಳಿಗೆ ಲಟ್ಟಿಸುವವಳಿಗೆ ಹಿಟ್ಟು ಉದುರಿಸುವುದನ್ನು ಇನ್ನೊಬ್ಬರು ಹೇಳಿಕೊಡಬೇಕೇ? ಮಾಸ್ಕ್ ಹಾಕಿ, ಕಡುಬನ್ನು ಮಹಡಿಗೆ ಕಳಿಸಿ, ರೂಮಿನ ತುಂಬ ಧಾರಾಳವಾಗಿ ಉದುರಿಸಿದೆ. ನೆಲ ಹಬ್ಬದ ಕಳೆ ಪಡೆಯಿತು. ಅಷ್ಟರಲ್ಲಿ ಯಜಮಾನರು "ಎಷ್ಟು ಸೆಕೆ ಮಾರಾಯ್ತಿ!" ಎನ್ನುತ್ತಾ ಒಳಗೆ ಬಂದು ಫ್ಯಾನ್ ಹಾಕಿದರು.

ಆಮೇಲಿನದನ್ನು ನಾನು ನೋಡಲಿಲ್ಲ, ಏನೂ ಕಾಣುತ್ತಲೇ ಇರಲಿಲ್ಲ. ಮಂಜು ಇಳಿದ ಮೇಲೆ ನೋಡಿದರೆ ಯಜಮಾನರು ತಲೆಯಿಂದ ಕಾಲಿನವರೆಗೆ ಭಸ್ಮಧಾರಿಗಳಾಗಿ ಕೆಮ್ಮುತ್ತಾ ನಿಂತಿದ್ದರು. ಮೀಸೆಯೂ ಬಿಳಿ.

"ಚಿಗಟ ಸಾಯ್ಸು ಅಂದ್ರೆ ನನ್ನ ಸಾಯಿಸ್ತೀಯಲ್ಲೇ!"

"ಫ್ಯಾನ್ ಹಾಕು ಅಂತ ನಾನು ಹೇಳಿದ್ನಾ?"

ಕಿಟಕಿ ತೆರೆದು, ಒದ್ದೆ ಬಟ್ಟೆಯಲ್ಲಿ ಎಲ್ಲ ಒರೆಸಿ, ಮತ್ತೆ ಹಾಕಿದೆ, ಈ ಸಲ ಕೊಂಚ ಕಡಿಮೆ. ಮಾರನೆಯ ಬೆಳಿಗ್ಗೆ ಅಭ್ಯಾಸಬಲದಿಂದ ಆ ರೂಮನ್ನೂ ನೀರು ಹಾಕಿ ಒರೆಸಿಬಿಟ್ಟೆ. ನಮ್ಮನೆಯಲ್ಲಿ ನೆಲ ಒರೆಸದೆ ದೇವರ ದೀಪ ಹಚ್ಚುವ ಪದ್ಧತಿಯೇ ಇಲ್ಲ. ಪುಡಿಯೆಲ್ಲ ಗಂಜಿಯಾಯಿತು. ಡಾಕ್ಟರಿಗೆ ಫೋನ್ ಮಾಡಿದರೆ, "ಒದ್ದೆಯಾದ್ರೆ ಅದು ಕೆಲಸವೇ ಮಾಡಲ್ಲ ಮೇಡಂ. ಒಣಗಿದ ನೆಲದ ಮೇಲೆ ಹಾಕಿ ಹಾಗೇ ಬಿಡಿ, ಒರೆಸಬೇಡಿ" ಎಂದರು. ಒರೆಸದೆ ಇರುವುದು! ಮಾಡು ಅನ್ನುವ ಕೆಲಸ ಎಷ್ಟು ಬೇಕಾದರೂ ಮಾಡಬಹುದು, ಬಿಡು ಅಂದರೆ ಕಷ್ಟ. ದಿನಾ ಬೆಳಿಗ್ಗೆ ಒರೆಸುವ ಬಟ್ಟೆ ಹಿಡಿದು ಆ ರೂಮಿನ ಬಾಗಿಲಲ್ಲಿ ನಿಂತು, ಕಡುಬಿನ ಮುಖ ನೆನೆಸಿಕೊಂಡು ವಾಪಸ್ ಬರುತ್ತಿದ್ದೆ.

ಮೂರನೆಯ ಸಲ ಮಾತ್ರ ಡಾಕ್ಟರು ಹೇಳಿದ ಹಾಗೇ ಮಾಡಿದೆ. ನಾನು ನಮ್ಮ ಕ್ರಾಸಿನ ರಂಗೋಲಿ ಸ್ಪರ್ಧೆಯಲ್ಲಿ ಗೆದ್ದವಳು. ಬೆರಳ ಸಂದಿಯಿಂದ ಕೂದಲೆಳೆಯಷ್ಟು ಸಣ್ಣ ಗೆರೆ ಬಿಡುವುದು ನನಗೆ ಹೊಸದಲ್ಲ. ಗೋಡೆಯ ಅಂಚಿಗೆ ಒಂದು ಗೆರೆ, ಬಾಗಿಲ ಸಂದಿಗೆ ಒಂದು. ಮುಖ್ಯವಾಗಿ, ಕಡುಬಿನ ಚಿಗಟಗಳು ನನ್ನ ತವರಿನ ಹಾಸಿಗೆಗೆ ಹತ್ತದಿರಲಿ ಎಂದು ಮಂಚದ ಕಾಲುಗಳ ಸುತ್ತ ಒಂದೊಂದು ಗೆರೆ. ರೂಮಿಗೆ ಬಾಗಿಲು ಹಾಕಿ, ಕಡುಬಿನ ಚಾಪೆಯನ್ನು ಒಗೆದು ಬಿಸಿಲಿಗೆ ಹಾಕಿ ಮುಂದಿನ ಹಾಲ್‌ಗೆ ಸಾಗಿಸಿದೆ.

ಮದುವೆಯ ಹಿಂದಿನ ದಿನ ಸಂಜೆಗೆ ಬರಬೇಕಿದ್ದ ಭಾವನವರು ಬೆಳಿಗ್ಗೆಯೇ ಬಂದಿಳಿದರು. ಹಾಲಿನಲ್ಲಿ ಕಡುಬು ಬಾಲ ಅಲ್ಲಾಡಿಸುತ್ತಾ ಎದುರುಗೊಂಡಿತು. ಭಾವನವರು ಪಂಚೆ ಮೊಣಕಾಲಿಗೆ ಎತ್ತಿ ಹಿಡಿದು ಬಾಗಿಲಲ್ಲೇ ನಿಂತರು.

"ಇನ್ನೂ ಇಲ್ಲೇ ಐತಲ್ಲಪ್ಪ ಇದು!"

"ಒಂದೇ ನಿಮಿಷ ಭಾವ, ರೂಮು ನೋಡ್ಕೊಂಡು ಬರ್ತೀನಿ" ಎಂದು ನಾನು ಒಳಗೆ ಓಡಿದೆ. ಸತ್ತ ಚಿಗಟಗಳನ್ನು ಮೊರದಲ್ಲಿ ತಂದು ಎಲ್ಲರ ಮುಂದೆ ಪ್ರದರ್ಶಿಸುವ ಹುಮ್ಮಸ್ಸು ನನಗೆ.

ಕಡುಬು ಮಲಗುತ್ತಿದ್ದ ಮೂಲೆ ನೋಡಿದೆ, ಒಂದೂ ಇಲ್ಲ. ಬಾಗಿಲ ಸಂದಿ, ಇಲ್ಲ. ಗೋಡೆಯ ಅಂಚು, ಇಲ್ಲ. ಮಂಚದ ಹತ್ತಿರ ಬಗ್ಗಿದೆ. ಗೆರೆಯ ತುಂಬ ಸತ್ತು ಬಿದ್ದಿದ್ದವು. ಆದರೆ ಚಪ್ಪಟೆ, ಅಗಲ, ಕಂದು ಬಣ್ಣ. ಚಿಗಟ ಹಾಗಿರುವುದಿಲ್ಲ. ಅವೂ ಗೆರೆಯ ಹೊರಗಡೆ ಅಲ್ಲ, ಎಲ್ಲವೂ ಮಂಚದ ಕಾಲಿನ ಕಡೆಗೆ. ಅಂದರೆ ಹತ್ತಲು ಹೋಗಿ ಸತ್ತದ್ದಲ್ಲ, ಇಳಿಯಲು ಬಂದು ಸತ್ತದ್ದು. ಹಾಸಿಗೆಯ ಹೊಲಿಗೆಯ ಅಂಚು ಬಿಡಿಸಿದೆ. ನಮ್ಮಪ್ಪ ಎದುರಿಗೆ ನಿಂತು ಹೊಲಿಸಿದ ಕೆಂಪು ಪಟ್ಟೆಯ ಒಳಗೆ ಇಡೀ ಸಂಸಾರವೇ ವಾಸವಾಗಿತ್ತು. ತಿಗಣೆ!

ಕಡುಬು ಆ ಹಾಸಿಗೆ ಹತ್ತದೆ ಇದ್ದದ್ದು ಯಾಕೆಂದು ಆಗ ಗೊತ್ತಾಯಿತು.

ಏನು ಮಾಡಲಿ ಹೇಳಿ? ಬಾಯಿ ಬಿಟ್ಟರೆ ಈ ಮನೆಯಲ್ಲಿ ನನ್ನ ತವರಿನ ಮಾನ ಶಾಶ್ವತವಾಗಿ ಹೋಯಿತು. ಇಷ್ಟು ವರ್ಷ ಕೊಟ್ಟೂರು ಕೊಟ್ಟೂರು ಅಂತ ನಾನು ಊದಿದ ತುತ್ತೂರಿ ಏನು ಕಡಿಮೆಯದೇ? ಹಾಸಿಗೆಯ ಮೇಲೆ ಹೊಸ ಮೇಲುಹಾಸು ಎಳೆದೆ. ಗೆರೆಯನ್ನು ಗುಡಿಸಿ ಹಾಕಲು ಪೊರಕೆ ತೆಗೆದುಕೊಂಡೆ. ಅಷ್ಟರಲ್ಲಿ ಹೊರಗೆ ಜೀಪಿನ ಹಾರನ್ ಕೇಳಿಸಿತು.

ಬೋರಣ್ಣ! ಯಜಮಾನರು ನನಗೆ ಹೇಳದೆಯೇ ಫೋನ್ ಮಾಡಿ ಕರೆಸಿಬಿಟ್ಟಿದ್ದರು.

ಪೊರಕೆ ಹಿಡಿದೇ ಹೊರಗೆ ಬಂದೆ. ಯಜಮಾನರು ಕಡುಬಿನ ಹಗ್ಗ ಹಿಡಿದು ಗೇಟಿನ ಹತ್ತಿರ ನಿಂತಿದ್ದರು. ಅವರ ಕಣ್ಣೂ ಒದ್ದೆಯಾಗಿತ್ತು, ಸುಳ್ಳು ಹೇಳಬಾರದು. ಬೋರಣ್ಣ ಜೀಪಿನ ಹಿಂದಿನ ಬಾಗಿಲು ತೆರೆದು, "ಬಾ ಮಗಾ, ನಮ್ಮ ತೋಟದಲ್ಲಿ ಸಖತ್ತಾಗಿರ್ತೀಯಾ" ಎನ್ನುತ್ತಿದ್ದರು. ಕಡುಬು ಹತ್ತಲಿಲ್ಲ. ತಿರುಗಿ ನನ್ನನ್ನು ನೋಡಿತು. ಎಲ್ಲೋ ವಾಕಿಂಗ್ ಹೊರಟಿದ್ದೇವೆ, ನೀನು ಯಾಕೆ ಇನ್ನೂ ಚಪ್ಪಲಿ ಹಾಕಿಲ್ಲ ಅನ್ನುವ ನೋಟ.

"ನಿಲ್ಲಿಸ್ರೀ!" ಎಂದು ಕಿರುಚಿದೆ. "ಅದು ನಾಯಿ ಚಿಗಟ ಅಲ್ಲ! ನಮ್ಮಪ್ಪನ ಮನೆ ತಿಗಣೆ!"

ಕ್ರಾಸಿನ ಈ ತುದಿಯಿಂದ ಆ ತುದಿಗೆ ಕೇಳಿಸಿರಬೇಕು. ಎದುರು ಮನೆಯ ಕಿಟಕಿ ತೆರೆಯಿತು.

ಭಾವನವರು ಓದುವ ಕನ್ನಡಕ ಹಾಕಿಕೊಂಡು ರೂಮಿಗೆ ಬಂದು, ಮಂಡಿಯಲ್ಲಿ ಕಾಳು ಪರೀಕ್ಷೆ ಮಾಡುವ ಗಾಂಭೀರ್ಯದಲ್ಲಿ ಬಗ್ಗಿ ನೋಡಿದರು. ಒಂದನ್ನು ಕಡ್ಡಿಯಲ್ಲಿ ತಿರುಗಿಸಿದರು. "ತಿಗಣೆನೇ. ಒಳ್ಳೆ ಮಾಲು" ಎಂದು ಒಪ್ಪಿಗೆ ಕೊಟ್ಟರು. ಆಮೇಲೆ ಹಾಲಿಗೆ ಬಂದು ಕಡುಬಿನ ಎದುರು ನೆಲದ ಮೇಲೇ ಕೂತರು. "ತಪ್ಪಾತಪ್ಪ, ತಮ್ಮಾ. ಮಾತು ಬಂದಿದ್ರೆ ನೀನೇ ಹೇಳ್ತಿದ್ದೆ" ಎಂದು ಅದರ ತಲೆ ಸವರಿದರು. ಕಡುಬು ಉದಾರ ಮನಸ್ಸಿನದು, ಅವರ ತೊಡೆಯ ಮೇಲೆ ಮುಖವಿಟ್ಟಿತು. ಬೋರಣ್ಣ ನಿರಾಸೆಯಿಂದ ಕಾಫಿ ಕುಡಿದು ಹೊರಟರು.

ಯಜಮಾನರು ಮಾತ್ರ ಪೇಪರನ್ನು ಮಡಿಚಿಟ್ಟು ಕೂತಿದ್ದರು. ನಮ್ಮ ಮದುವೆಯಾದ ಮೇಲೆ ಅವರ ಮುಖದಲ್ಲಿ ಅಂಥ ತೇಜಸ್ಸನ್ನು ನಾನು ಕಂಡಿರಲಿಲ್ಲ. "ಇನ್ಮೇಲೆ ಯಾರಾದ್ರೂ ಮಾವನವರು ಬಳುವಳಿ ಏನು ಕೊಟ್ರು ಅಂತ ಕೇಳಿದ್ರೆ..."

"ಸಾಕು ಮಾಡ್ರೀ!"

ಹಾಸಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಾಯಿ ಕಟ್ಟಿದೆವು. ಮಂಚವನ್ನು ಶುಚಿ ಮಾಡುವವರು ಬರುವವರೆಗೆ ಆ ರೂಮಿಗೆ ಬೀಗ. ಇಡೀ ಮನೆಯಲ್ಲಿ ಒಗೆದು, ಬಿಸಿಲಿಗೆ ಹಾಕಿ, ಡಾಕ್ಟರಿಂದಲೇ ಸೈ ಅನ್ನಿಸಿಕೊಂಡ ಜಾಗ ಅಂದರೆ ಕಡುಬಿನದೊಂದೇ ಎಂದು ಭಾವನವರು ಹಾಲಿನಲ್ಲಿ ಅದರ ಪಕ್ಕವೇ ಜಮಖಾನ ಹಾಸಿಕೊಂಡು ಮಧ್ಯಾಹ್ನದ ನಿದ್ದೆಗೆ ಅಡ್ಡಾದರು. ಇಬ್ಬರೂ ಒಂದೇ ಶ್ರುತಿಯಲ್ಲಿ ಗೊರಕೆ ಹೊಡೆದರು.

ಅವರು ಏಳುವ ಹೊತ್ತಿಗೆ ಊರಿನಿಂದ ಅಮ್ಮನ ಫೋನ್ ಬಂತು. ನನ್ನ ಕೈಯಲ್ಲಿ ಚಕ್ಕುಲಿ ಹಿಟ್ಟಿತ್ತು, ಯಜಮಾನರೇ ಎತ್ತಿ ಸ್ಪೀಕರ್‌ಗೆ ಹಾಕಿದರು. (ಬೇಕಂತಲೇ.)

"ಉಮಾ, ನಿಮ್ಮ ಭಾವನವರು ಬಂದಾರಂತಲ್ಲ? ಮದುವಿ ಮನಿ, ಒಂದು ಹಾಸಿಗಿ ಎಲ್ಲಿ ಸಾಕಾಕ್ಕತಿ ಅಂತ ಅದರ ಜೋಡಿದನ್ನೂ ಬೆಳಿಗ್ಗೆ ಬಸ್ಸಿಗೆ ಹಾಕ್ಸೀನಿ. ಈಗ ಬಂದು ಮುಟ್ಟತೈತಿ, ಇಳಿಸ್ಕೊಂಡು ಬರ್ರಿ."

ಭಾವನವರು ಮೆಲ್ಲಗೆ ತೋಳು ಕೆರೆದುಕೊಂಡರು. ಯಜಮಾನರು ಎದ್ದು ಹೋಗಿ ಪುಡಿಯ ಡಬ್ಬ ಅಲ್ಲಾಡಿಸಿ ನೋಡಿದರು.

"ಕೇಳ್ತೇನವಾ?" ಎಂದಳು ಅಮ್ಮ. "ಮತ್ತ ಆ ನಿನ್ನ ನಾಯಿನ್ನ ಮಾತ್ರ ಅದರ ಹತ್ರ ಬಿಡಬ್ಯಾಡ. ಚಿಗಟ ಹತ್ತತಾವು."