ಬ್ಯಾಂಡ್ ಹಚ್ಚಿ ತಂದ ಜಪ್ತಿ

ಪಂಡಿತನಿಗೆ ಗದರಿಸುವ ದನಿ ಇರಲಿಲ್ಲ. ವಸೂಲಿಯವನಿಗೆ ಅದಿಲ್ಲವೆಂದರೆ ಹಲ್ಲಿಲ್ಲದ ನಾಯಿಯನ್ನು ಕಾವಲಿಗೆ ಕಟ್ಟಿದ ಹಾಗೆ. ಹಿಂದಿನ ತಿಂಗಳು ಟ್ರ್ಯಾಕ್ಟರ್ ತರಲು ಹೋಗಿ ಚಹಾ ಕುಡಿದು ಬಂದಿದ್ದ. ಅದಕ್ಕೂ ಮುಂಚೆ ಬೈಕು ಜಪ್ತಿಗೆ ಹೋಗಿ, ಆ ಸಾಲಗಾರನ ಅತ್ತೆಯನ್ನು ತನ್ನ ಬೈಕಿನಲ್ಲೇ ದವಾಖಾನೆಗೆ ಮುಟ್ಟಿಸಿ ಬಂದಿದ್ದ.

"ಇವತ್ತೂ ಖಾಲಿ ಕೈಲೆ ಬಂದ್ರ ನಾಳಿಂದ ಬರಬ್ಯಾಡ," ಎಂದು ಕಾಸಾರಶಿರಸಿಯ ಸಾಲ ಕೊಡುವ ಪತಸಂಸ್ಥೆಯ ಮ್ಯಾನೇಜರ್ ಬಸವಕುಮಾರ ಬೆಳಿಗ್ಗೆಯೇ ಹೇಳಿ ಕಳಿಸಿದ್ದ.

ಇವತ್ತು ತರಬೇಕಾದದ್ದು ಒಂದು ಬಿಳಿ ಕುದುರೆ. ಹತ್ತಿರದ ಹಳ್ಳಿಯ ಅಂಬಣ್ಣ ಅದನ್ನು ಮದುವೆ ಮೆರವಣಿಗೆಗೆ ಬಾಡಿಗೆ ಕೊಡುತ್ತಿದ್ದ. ಅದನ್ನೇ ಒತ್ತೆಯಿಟ್ಟು ಸಾಲ ತೆಗೆದವನು ಹಪ್ತೆ ಕಟ್ಟಿರಲಿಲ್ಲ. ನೋಟಿಸು ಹೋಗಿ ಮುಗಿದಿತ್ತು. ಮಧ್ಯಾಹ್ನ ಪತಸಂಸ್ಥೆಯ ಅಂಗಳದಲ್ಲಿ ಹರಾಜು.

ಅಂಬಣ್ಣ ಜಗಳ ತೆಗೆಯಲಿಲ್ಲ. ಕಟ್ಟೆಯ ಮೇಲೆ ಮುಖ ತಿರುಗಿಸಿ ಕೂತ. ಅವನ ಹೆಂಡತಿ ಜಗದೇವಿಯೇ ಹಗ್ಗ ತಂದು ಕೈಗಿಟ್ಟಳು. "ಒಯ್ರಿ ಸಾಹೇಬ್ರ. ನಿಮ್ಮ ಹಕ್ಕ ಅದ."

ಪಂಡಿತ ಹಗ್ಗ ಎಳೆದ. ಕುದುರೆ ಅಲುಗಲಿಲ್ಲ. ಬಾಡಿಗೆಗೆ ತಂದಿದ್ದ ಟೆಂಪೊಗೆ ಹತ್ತಿಸಲು ನೋಡಿದರೆ ಒದ್ದು ಅದರ ಲೈಟು ಒಡೆಯಿತು. ಟೆಂಪೊದವನು ಲೈಟಿನ ದುಡ್ಡನ್ನು ಪಂಡಿತನಿಂದ ನಿಂತಲ್ಲೇ ಕೇಳಿ ತೆಗೆದುಕೊಂಡು ಹೊರಟುಹೋದ. ಆ ದಿನದ ಮೊದಲ ವಸೂಲಿ ಅದೇ.

ಓಣಿಯ ಜನ ಸೇರಿದರು. "ಬೆಲ್ಲ ತೋರಸ್ರಿ," ಎಂದನೊಬ್ಬ. ನೆರೆಮನೆಯ ಮುದುಕಿ ಮಲಕಮ್ಮ, "ನೀ ಮುಂದ ನಿಂದರಬ್ಯಾಡ ಯಪ್ಪಾ, ನಿನ್ನ ಮಾರಿ ನೋಡೇ ಅದು ಹೆದರ್ಯಾದ," ಎಂದಳು.

"ಇಕಿ ಲಗ್ನ ಬಿಟ್ಟು ಎಲ್ಲೂ ಹೋದಾಕಿ ಅಲ್ರೀ," ಎಂದಳು ಜಗದೇವಿ. "ಬ್ಯಾಂಡ್ ಬಾರಸಲಾರದ ಹೆಜ್ಜಿ ಕೀಳಂಗಿಲ್ಲ. ಪುಣ್ಯಾಕ ಕಾಶೆಪ್ಪನ ಬ್ಯಾಂಡ್ ಇವತ್ತ ಖಾಲಿ ಅದ."

ಕೆಂಪು ಕೋಟಿನ ಕಾಶೆಪ್ಪ ಬಂದ. "ಏಳು ಸಾವಿರ. ಮೊದಲ ಫೋನಿನ್ಯಾಗ ಹಾಕ್ರಿ."

"ಇಷ್ಟು ಹತ್ತಿರಕ್ಕ ಏಳು ಸಾವಿರೇನೋ ಮಾರಾಯ?"

"ವರ ಇಲ್ಲದ ಮೆರವಣಿಗಿ ರೀ. ನಮ್ಮ ಮರ್ಯಾದಿ ಹೋಗ್ತದ. ಅದರ ರೊಕ್ಕನೂ ಹಿಡೀಬೇಕಲ್ಲ?"

ಪಗಾರ ನಿನ್ನೆಯಷ್ಟೇ ಬಂದಿತ್ತು. ನೌಕರಿ ಉಳಿದರೆ ಮುಂದಿನ ಪಗಾರವೂ ಬರುತ್ತದೆ ಎಂದುಕೊಂಡು ಪಂಡಿತ ದುಡ್ಡು ಹಾಕಿದ.

ತುತ್ತೂರಿ ಎದ್ದದ್ದೇ ತಡ, ಕುದುರೆ ಕತ್ತು ಕೊಂಕಿಸಿ ಕುಣಿಯುತ್ತ ಹೊರಟಿತು. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ.

ದಾರಿಯ ಹಳ್ಳಿಯಲ್ಲಿ ಜನ ಅಡ್ಡಗಟ್ಟಿದರು. "ಮದುಮಗ ಎಲ್ಲಿ, ನವರಾ?"

"ಇಂವನೇ ಇರಬೇಕು. ನಾಚಿ ಕೆಳಗ ಇಳದಾನ."

"ಎರಡನೇ ಲಗ್ನ ಕಾಣ್ತದ, ಮಾರಿ ನೋಡ್ರಲಾ!"

ಬೇಡ ಬೇಡವೆಂದರೂ ಹುಡುಗರು ಅವನನ್ನು ಎತ್ತಿ ಕುದುರೆಯ ಮೇಲೆ ಕೂರಿಸಿದರು. ಒಂದು ಚಪ್ಪಲಿ ಧೂಳಿನಲ್ಲೇ ಉಳಿಯಿತು. ಯಾರೋ ದೃಷ್ಟಿ ತೆಗೆದರು, ಯಾರೋ ವಿಡಿಯೊ ತೆಗೆದರು.

ಹರಾಜಿಗೆ ಇನ್ನೂ ಹೊತ್ತಿರುವಾಗಲೇ ಮೆರವಣಿಗೆ ಪತಸಂಸ್ಥೆಯ ಅಂಗಳ ಮುಟ್ಟಿತು. ಜೀವನದಲ್ಲಿ ಮೊದಲ ಸಲ ಪಂಡಿತನಿಗೆ ದನಿ ಬಂತು. "ಸರ್, ತಂದೀನ್ರೀ!"

"ಇಳಿ ಕೆಳಗ," ಎಂದ ಬಸವಕುಮಾರ. "ಅಂಬಣ್ಣನ ಬಾಕಿ ಹಪ್ತೆ ಪೂರಾ ಆಗಲೇ ಬಂತು. ಹರಾಜಿಗಿಂತ ಮೊದಲ ತುಂಬಿದ್ರ ಮಾಲು ವಾಪಸ್ ಕೊಡಬೇಕು. ಕಾಯ್ದೆ ಅದ."

"ಅವನ ಬಲ್ಲಿ ರೊಕ್ಕ ಎಲ್ಲಿಂದ ಬಂತ್ರೀ?"

"ಅವನ ಹೆಂಡ್ತಿ ಅಣ್ಣ ಕಾಶೆಪ್ಪ ಅಂತ, ಫೋನಿನ್ಯಾಗ ಏಳು ಸಾವಿರ ಹಾಕ್ಯಾನ."

ಪಂಡಿತ ಹಿಂದೆ ತಿರುಗಿದ. ಕಾಶೆಪ್ಪ ಕೋಟಿನ ತೋಳಿನಿಂದ ತುತ್ತೂರಿ ಒರೆಸುತ್ತಿದ್ದ. "ತಂಗೀ ಮನಿ ಕುದುರಿ ರೀ," ಎಂದ ಮೆಲ್ಲಗೆ. "ವಾಪಸ್ ಒಯ್ಯೂದಕ್ಕ ನಿಮಗ ರೊಕ್ಕ ಹಚ್ಚಂಗಿಲ್ಲ."

"ಸರ್, ಆ ರೊಕ್ಕ ನಂದು! ವಸೂಲಿ ನಂದಲ್ಲೇನ್ರೀ?"

"ಪಾವತಿ ಅಂಬಣ್ಣನ ಹೆಸರೀಲೆ ಅದ." ಬಸವಕುಮಾರ ಫೋನು ತೆಗೆದು ವಿಡಿಯೊ ತೋರಿಸಿದ. "ಒತ್ತಿ ಮಾಲಿನ ಮ್ಯಾಲ ಮೆರವಣಿಗಿ ಮಾಡ್ಕೊಂಡು ಬಂದೀಯಲ್ಲ, ಅದು ನಿಮ್ಮಪ್ಪಂದೇನು?"

ಬ್ಯಾಂಡು ಮತ್ತೆ ಶುರುವಾಯಿತು. ಕುದುರೆ ಕುಣಿಯುತ್ತ ಮನೆಯ ದಾರಿ ಹಿಡಿಯಿತು.

ಆ ದಿನ ಪಂಡಿತ ಕಳೆದುಕೊಂಡದ್ದು ಏಳು ಸಾವಿರ ರೂಪಾಯಿ, ಒಂದು ಲೈಟಿನ ದುಡ್ಡು, ಎಡಗಾಲಿನ ಚಪ್ಪಲಿ ಮತ್ತು ನೌಕರಿ.