ಕಳೆದದ್ದು ಸಿಕ್ಕೇ ಸಿಗುತ್ತದೆ

ಸಿಟ್ಟು ಬಂದಾಗ ಒಂದು ಲೋಟ ನೀರು ಕುಡಿಯಬೇಕು ಎನ್ನುತ್ತಾರೆ ಹಿರಿಯರು. ಕೊಡೆಯಪ್ಪ ನೀರು ಕುಡಿಯಲಿಲ್ಲ, ಮೇಲ್ ಬರೆದ. ಅಲ್ಲಿಂದ ಶುರುವಾಯಿತು ನೋಡಿ ಅವನ ಗ್ರಹಚಾರ.

ಕೊಡೆಯಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಅವನು ಬಸ್ ಕಂಪನಿಯ ಕಳೆದುಹೋದ ಸಾಮಾನಿನ ಕಚೇರಿಯಲ್ಲಿ ಗುಮಾಸ್ತ. ಜನ ಬಸ್ಸಿನಲ್ಲಿ ಮರೆತುಹೋದ ಊಟದ ಡಬ್ಬಿ, ಕನ್ನಡಕ, ಒಂಟಿ ಚಪ್ಪಲಿಗಳನ್ನೆಲ್ಲ ರಿಜಿಸ್ಟರಿನಲ್ಲಿ ಬರೆದು, ಚೀಟಿ ಕಟ್ಟಿ, ರ‍್ಯಾಕಿನಲ್ಲಿ ಇಡುವುದು ಅವನ ಕೆಲಸ. ಕೊಡೆಗಳೇ ಮುನ್ನೂರು ಇದ್ದವು, ಅದಕ್ಕೇ ಆ ಹೆಸರು. ಬಾಗಿಲ ಮೇಲೆ ಅವನೇ ಬರೆಸಿದ ಬೋರ್ಡೂ ಇತ್ತು: ‘ಕಳೆದದ್ದು ಇಲ್ಲಿ ಸಿಕ್ಕೇ ಸಿಗುತ್ತದೆ.’

ಹನ್ನೆರಡು ವರ್ಷದಿಂದ ಅವನ ಕಣ್ಣು ಇದ್ದದ್ದು ಹಿರಿಯ ಗುಮಾಸ್ತನ ಕುರ್ಚಿಯ ಮೇಲೆ. ಆ ಕುರ್ಚಿ ಮ್ಯಾನೇಜರ್ ಸಾಹೇಬರ ರೂಮಿನಲ್ಲಿ, ಅವರ ಎದುರಿಗೇ, ಫ್ಯಾನಿನ ಕೆಳಗೇ ಇತ್ತು. ಒಂದೇ ಒಂದು ಹೆಸರನ್ನು ಸಾಹೇಬರು ಹೆಡ್ಡಾಫೀಸಿಗೆ ಶಿಫಾರಸು ಮಾಡಬೇಕು. ಅದಕ್ಕೆ ಗುರುವಾರ ಸಂಜೆ ಐದು ಗಂಟೆ ಕೊನೆ. ಬುಧವಾರ ಸಂಜೆ ಟೈಪಿಸ್ಟಮ್ಮ ಬಂದು ಕೊಡೆಯಪ್ಪನ ಕಿವಿ ಊದಿದರು.

“ಸಾಹೇಬ್ರು ಟಿಕೆಟ್ ವಿಭಾಗದ ಉದ್ದಣ್ಣನ ಹೆಸರು ಕಳಿಸ್ತಾರಂತೆ ಕಣಪ್ಪ. ನಂಗ್ಯಾಕೆ ಬೇಕು ಊರ ಉಸಾಬರಿ, ಕೇಳಿದ್ದು ಹೇಳ್ದೆ.”

ಉದ್ದಣ್ಣ! ಕೆಲಸಕ್ಕೆ ಸೇರಿ ಮೂರು ವರ್ಷವಾಗಿಲ್ಲ! ಕೊಡೆಯಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ನಿಂತ ಕಾಲಲ್ಲೇ ಕಂಪ್ಯೂಟರಿನ ಮುಂದೆ ಕೂತು, ಸಾಹೇಬರ ಸ್ವಂತ ವಿಳಾಸಕ್ಕೆ ಹನ್ನೊಂದು ದೂರುಗಳನ್ನು ನಂಬರು ಹಾಕಿ ಬರೆದ. ಊಟದ ಮೇಲೆ ಫೈಲಿನ ಮರೆಯಲ್ಲಿ ಗೊರಕೆ ಹೊಡೆಯುವುದು ಒಂದನೆಯದು. ಹನ್ನೊಂದನೆಯದು ಹೀಗಿತ್ತು: ‘ನಿಮ್ಮ ಬೋಳುತಲೆಯ ಜೋಕಿಗೆ ಹನ್ನೆರಡು ವರ್ಷದಿಂದ ನಗುತ್ತಿದ್ದೇನೆ. ಒಂದು ಸಲವೂ ನಗು ಬಂದಿಲ್ಲ.’

ಕಳಿಸುವ ಗುಂಡಿ ಒತ್ತಿದ. ಇಂಟರ್ನೆಟ್ ಲೈನು ಬಿದ್ದುಹೋಗಿತ್ತು. ಮೇಲ್ ಔಟ್‌ಬಾಕ್ಸಿನಲ್ಲಿದೆ, ಲೈನು ಬಂದ ಕೂಡಲೇ ತಾನಾಗಿ ಹೋಗುತ್ತದೆ ಎಂದು ಪರದೆ ತೋರಿಸಿತು. “ಹೋಗ್ಲಿ, ಯಾವಾಗಾದ್ರೂ ಹೋಗ್ಲಿ” ಎಂದು ಕೊಡೆಯಪ್ಪ ಎದೆಯುಬ್ಬಿಸಿ ಮನೆಗೆ ನಡೆದ.

ಆ ಎದೆ ಮನೆಯ ಹೊಸ್ತಿಲವರೆಗೆ ಮಾತ್ರ ಉಬ್ಬಿತ್ತು. ಹೆಂಡತಿ ಎಲ್ಲ ಕೇಳಿ ಹಣೆ ಚಚ್ಚಿಕೊಂಡಳು.

“ಕುರ್ಚಿ ಹೋದ್ರೆ ಹೋಗ್ಲಿ, ಇರೋ ಸ್ಟೂಲನ್ನೂ ಕಳ್ಕೊಂಡು ಬರ್ತೀರಾ? ಮಕ್ಕಳಿಗೆ ಆ ಮುನ್ನೂರು ಕೊಡೇನ ಉಪ್ಪು ಹಚ್ಚಿ ತಿನ್ನಿಸ್ಲಾ? ಬೆಳಿಗ್ಗೆ ಎಲ್ರಿಗಿಂತ ಮುಂಚೆ ಹೋಗಿ ಅದನ್ನ ಅಳಿಸಿ. ಅಳಿಸ್ದೆ ಮನೆಗೆ ಬರ್ಬೇಡಿ!”

ಬೆಳಿಗ್ಗೆ ಎಂಟಕ್ಕೇ ಕೊಡೆಯಪ್ಪ ಹಾಜರು. ಮೊದಲು ಇಂಟರ್ನೆಟ್ ವೈರನ್ನು ಕಿತ್ತು, ಸುತ್ತಿ, ಒಂದು ದೊಡ್ಡ ಕಪ್ಪು ಕೊಡೆಯೊಳಗೆ ಬಚ್ಚಿಟ್ಟ. ಇನ್ನು ಮೇಲ್ ಎಲ್ಲಿಗೂ ಹೋಗುವ ಹಾಗಿಲ್ಲ. ಅಳಿಸಿಬಿಟ್ಟರೆ ಪೀಡೆ ಕಳೆಯಿತು ಎಂದುಕೊಂಡು ಮೇಲ್ ಪ್ರೋಗ್ರಾಂ ಒತ್ತಿದ. ತೆರೆಯಲಿಲ್ಲ. ಮತ್ತೆ ಒತ್ತಿದ. ಪರದೆಯ ಮೇಲೆ ಮರಳು ಗಡಿಯಾರ ಕಾಣಿಸಿಕೊಂಡು, ಸುಮ್ಮನೆ ಮಾಯವಾಯಿತು. ಕಚೇರಿಗೆ ಇದ್ದದ್ದೇ ಅದೊಂದು ಕಂಪ್ಯೂಟರ್. ಎಷ್ಟು ಹಳೆಯದೆಂದರೆ ಅದು ಆನ್ ಆಗುವಷ್ಟರಲ್ಲಿ ಒಂದು ಕಾಫಿ ಮುಗಿಸಬಹುದಿತ್ತು. ಆದರೆ ಇಷ್ಟು ಹಟ ಅದು ಯಾವತ್ತೂ ಮಾಡಿರಲಿಲ್ಲ.

ಒಂಬತ್ತೂವರೆಗೆ ಸಾಹೇಬರು ಬಂದರು.

“ಏನ್ರೀ ಕೊಡೆಯಪ್ಪ, ಇವತ್ತು ಮೇಲ್ ಹೋಗ್ತಿದ್ಯಾ?”

“ಇಲ್ಲ ಸಾರ್. ಕೆಟ್ಟಿದೆ ಸಾರ್. ಪೂರ್ತಿ ಹೋಗೇಬಿಟ್ಟಿದೆ ಅನ್ಸತ್ತೆ ಸಾರ್.”

“ಅಯ್ಯೋ, ಹಾಗನ್ಬೇಡ್ರಿ! ಐದರೊಳಗೆ ಸರಿಹೋಗ್ಲೇಬೇಕು. ಮುಖ್ಯವಾದ್ದೊಂದು ಹೋಗ್ಬೇಕು. ಆಫೀಸಿನ ವಿಳಾಸದಿಂದ ಹೋಗದೆ ಇದ್ರೆ ಹೆಡ್ಡಾಫೀಸಲ್ಲಿ ತಗೊಳ್ಳೋದೇ ಇಲ್ಲ.” ಸಾಹೇಬರು ಚಿಂತೆಯಿಂದ ತಲೆ ಸವರಿಕೊಂಡರು. ತಲೆ ಸವರಿಕೊಂಡರೆ ಜೋಕು ಬಂದೇ ಬರಬೇಕು. “ನನ್ನ ಕೂದಲೂ ಬಸ್ಸಲ್ಲೇ ಕಳೆದಿದ್ದು ಕಣ್ರೀ. ಯಾರಾದ್ರೂ ತಂದ್ಕೊಟ್ರೆ ಚೀಟಿ ಕಟ್ಟಿ ಇಟ್ಟಿರಿ!”

ಕೊಡೆಯಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಅವನಿಗೆ ಒಂದು ಹೊಳೆಯಿತು. ಉದ್ದಣ್ಣನ ಹೆಸರು ಐದರೊಳಗೆ ಹೋಗಬೇಕು; ಪ್ರೋಗ್ರಾಂ ತೆರೆಯದಿದ್ದರೆ ಹೋಗುವುದಿಲ್ಲ. ಅಂದರೆ ತನ್ನ ಕಾಗದವೂ ಒಳಗೆ, ಉದ್ದಣ್ಣನ ಬಡ್ತಿಯೂ ಒಳಗೆ! ಒಂದೇ ಕಲ್ಲಿಗೆ ಎರಡು ಹಕ್ಕಿ. ಕಂಪ್ಯೂಟರ್ ಸಂಜೆಯವರೆಗೆ ಹೀಗೇ ಕೆಟ್ಟು ಕೂತಿದ್ದರೆ ಸಾಕಲ್ಲ ಎಂದು ಅವನು ಬೇಡಿಕೊಂಡ.

ಆದರೆ ಒಳ್ಳೆಯ ಮನಸ್ಸಿನ ಜನ ಬಿಡಬೇಕಲ್ಲ.

“ಆಫ್ ಮಾಡಿ ಆನ್ ಮಾಡು” ಎಂದರು ಟೈಪಿಸ್ಟಮ್ಮ. ಬೇಡವೆಂದರೂ ಕೇಳದೆ ಏಳು ಸಲ ಅವರೇ ಮಾಡಿದರು. ಆಮೇಲೆ ಉಗ್ರಾಣದ ಅಣ್ಣ ತೋಳು ಮಡಚಿಕೊಂಡು ಬಂದ. “ಇವಕ್ಕೆಲ್ಲ ಬಾಯಿಮಾತು ನಾಟಲ್ಲ” ಎಂದು ಕಂಪ್ಯೂಟರ್ ಡಬ್ಬದ ಪಕ್ಕಕ್ಕೆ ಒಂದು ಬಾರಿಸಿದ. ತಗಡು ಕಳಚಿ ಕೊಡೆಯಪ್ಪನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು. ಅವನು ಒಂಟಿಕಾಲಲ್ಲಿ ಕುಣಿಯುತ್ತಿರುವಾಗ, ಬಸ್ಸಿನಲ್ಲಿ ಕನ್ನಡಕ ಕಳೆದುಕೊಂಡಿದ್ದ ಒಬ್ಬರು ಅಜ್ಜ ಕೌಂಟರಿಗೆ ಬಂದರು. ಬಂದವರು ಕನ್ನಡಕದ ವಿಷಯ ಬಿಟ್ಟು ಕಂಪ್ಯೂಟರಿನ ಮುಂದೆ ಕಣ್ಣು ಕಿರಿದು ಮಾಡಿಕೊಂಡು ನಿಂತೇಬಿಟ್ಟರು.

“ನಮ್ಮ ಅಳಿಯನ ಮನೇಲೂ ಹೀಗೇ ಆಗಿತ್ತಪ್ಪ. ಸ್ವಲ್ಪ ಸರಿ, ನೋಡ್ತೀನಿ.”

ಈ ಪ್ರಾಣಿ ತೊಲಗಿದರೆ ಸಾಕೆಂದು ಕೊಡೆಯಪ್ಪ ಕುಂಟುತ್ತಾ ಓಡಿ ಅವರ ಕನ್ನಡಕ ಹುಡುಕಿ ತಂದುಕೊಟ್ಟ. ಅಜ್ಜ ಅದನ್ನು ಒರೆಸಿ, ಏರಿಸಿ, ಪರದೆಯ ಮೂಲೆಗೆ ಬೆರಳಿಟ್ಟರು.

“ಅಲ್ಲಯ್ಯಾ, ಇದ್ರಲ್ಲಿ ಇಸವಿ ಇಪ್ಪತ್ತು ವರ್ಷ ಹಿಂದಿದ್ಯಲ್ಲೋ!”

ಎಲ್ಲರೂ ಬಗ್ಗಿ ನೋಡಿದರು. ಹೌದು! ಸಾಹೇಬರು ಅಜ್ಜನ ಕೈ ಕುಲುಕಿ, ಕಂಪ್ಯೂಟರಿನ ರಿಪೇರಿಯಮ್ಮನಿಗೆ ಫೋನ್ ಮಾಡಿದರು. ತನ್ನ ಕೈಯಾರೆ ಕನ್ನಡಕ ಕೊಟ್ಟೆನಲ್ಲ ಎಂದು ಕೊಡೆಯಪ್ಪ ತಲೆ ತಲೆ ಚಚ್ಚಿಕೊಂಡ.

ರಿಪೇರಿಯಮ್ಮ ಬಂದಾಗ ಮೂರೂವರೆ. ತುರುಬಿನಲ್ಲಿ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡಿದ್ದ, ಒಂದು ಮಾತಿಗೆ ಎರಡು ಮಾತು ಆಡದ ಹೆಂಗಸು. ಡಬ್ಬದೊಳಗೆ ಟಾರ್ಚ್ ಬಿಟ್ಟು ನೋಡಿ ಹೇಳಿದಳು:

“ಒಳಗಿನ ಸೆಲ್ ಸತ್ತಿದೆ. ಕರೆಂಟ್ ಹೋದಾಗ ತಾರೀಕು ಮರ್ತಿದೆ. ತಾರೀಕು ತಪ್ಪಿದ್ರೆ ಈ ಮೇಲ್ ತೆರ್ಕೊಳ್ಳಲ್ಲ. ಬಿಲ್ಲೆ ಥರ ಇರೋ ಸೆಲ್ ಒಂದು ಬೇಕು.”

“ಅಂಥ ಸೆಲ್ ಈಗ ಎಲ್ಲೂ ಸಿಗಲ್ಲಮ್ಮ!” ಎಂದ ಕೊಡೆಯಪ್ಪ, ಸಂತೋಷ ಮುಚ್ಚಿಕೊಳ್ಳಲಾಗದೆ.

“ಯಾಕೆ ಸಿಗಲ್ಲ?” ಎಂದ ಉಗ್ರಾಣದ ಅಣ್ಣ. ಮೂರನೆಯ ರ‍್ಯಾಕಿನಿಂದ, ಯಾರೋ ಮರೆತುಹೋಗಿದ್ದ ಒಂದು ಆಟದ ಗಡಿಯಾರ ತಂದು, ಬೆನ್ನು ಬಿಚ್ಚಿ ಸೆಲ್ ತೆಗೆದು ಕೊಟ್ಟ. “ಕಳೆದದ್ದು ಇಲ್ಲಿ ಸಿಕ್ಕೇ ಸಿಗತ್ತೆ. ಬೋರ್ಡ್ ಬರೆಸಿದ್ದು ನೀನೇ ಅಲ್ವೇನಯ್ಯ!”

ಸೆಲ್ ಕೂತಿತು, ತಾರೀಕು ಸರಿಹೋಯಿತು, ಮೇಲ್ ಪ್ರೋಗ್ರಾಂ ಏನೂ ಆಗೇ ಇಲ್ಲವೆಂಬಂತೆ ತೆರೆದುಕೊಂಡಿತು. ಕೊಡೆಯಪ್ಪ ಪರದೆಗೆ ಅಡ್ಡವಾಗಿ ನಿಂತ.

“ಇಂಟರ್ನೆಟ್ ವೈರ್ ಎಲ್ರೀ?” ಎಂದು ಕೇಳಿದಳು ರಿಪೇರಿಯಮ್ಮ.

“ಮೇಲಿನ ಮಹಡೀಲಿ ಇರ್ಬೇಕು! ಎಲ್ರೂ ಹೋಗಿ ಹುಡುಕಿ. ನಂಗೆ ಕಾಲುನೋವು, ನಾನಿಲ್ಲೇ ಇರ್ತೀನಿ.”

ಎಲ್ಲರೂ ದಡದಡ ಮೆಟ್ಟಿಲು ಹತ್ತಿದರು. ಕೊಡೆಯಪ್ಪ ಔಟ್‌ಬಾಕ್ಸ್ ತೆರೆದ. ಒಂದಲ್ಲ, ಎರಡು ಮೇಲ್ ಇದ್ದವು. ಒಂದು ತನ್ನದು. ಇನ್ನೊಂದು ಹೆಡ್ಡಾಫೀಸಿಗೆ: ‘ಹಿರಿಯ ಗುಮಾಸ್ತ ಹುದ್ದೆಗೆ ಶಿಫಾರಸು.’ ಓಹೋ, ಸಾಹೇಬರು ನಿನ್ನೆಯೇ ಬರೆದಿಟ್ಟಿದ್ದಾರೆ! “ಬಾರಯ್ಯ ಉದ್ದಣ್ಣ” ಎಂದು ಹಲ್ಲು ಕಡಿದು, ಎರಡನ್ನೂ ಒಟ್ಟಿಗೆ ಅಳಿಸಿದ. ಹನ್ನೆರಡು ವರ್ಷದಲ್ಲಿ ಇಷ್ಟು ಹಗುರ ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ.

ಐದಕ್ಕೆ ಐದು ನಿಮಿಷ ಇರುವಾಗ ಎಲ್ಲರೂ ಬರಿಗೈಯಲ್ಲಿ ಇಳಿದು ಬಂದರು. ಸಾಹೇಬರ ಮುಖ ಬಾಡಿತ್ತು. ಅವರು ಕೊಡೆಯಪ್ಪನ ಹೆಗಲ ಮೇಲೆ ಕೈಯಿಟ್ಟರು.

“ಕ್ಷಮಿಸ್ರೀ. ನಿನ್ನೆ ನೀವು ಹೋದ್ಮೇಲೆ ಎರಡು ಗಂಟೆ ಕೂತು, ಒಂದೇ ಬೆರಳಲ್ಲಿ ನಿಮ್ಮ ಬಗ್ಗೆ ಬರೆದಿದ್ದೆ. ಲೈನ್ ಇಲ್ದೆ ಇದ್ರೊಳಗೇ ಉಳೀತು.”

“ನನ್ನ... ನನ್ನ ಬಗ್ಗೆನಾ ಸಾರ್? ಉದ್ದಣ್ಣನ ಬಗ್ಗೆ ಅಲ್ವಾ?”

“ಹನ್ನೆರಡು ವರ್ಷ ದುಡಿದೋರು ನೀವು, ಅವನ್ಯಾಕ್ರೀ ಬರ್ತಾನೆ ಮಧ್ಯೆ? ನಿಮ್ಗೆ ಗೊತ್ತಾಗ್ದೆ ಇರ್ಲಿ, ಆಮೇಲೆ ಖುಷಿಯಾಗ್ಲಿ ಅಂತ ಟೈಪಿಸ್ಟಮ್ಮನ ಹತ್ರ ಸುಮ್ನೆ ಉದ್ದಣ್ಣ ಅಂದಿದ್ದೆ. ಅವರಿಗೆ ಹೇಳಿದ್ರೆ ಊರಿಗೇ ಡಂಗುರ ಸಾರಿದ ಹಾಗೆ.”

ಕೊಡೆಯಪ್ಪನಿಗೆ ನೆಲ ಬಾಯಿಬಿಟ್ಟಂತಾಯಿತು. ಫ್ಯಾನಿನ ಕೆಳಗಿನ ಆ ಕುರ್ಚಿಯನ್ನು ತಾನೇ, ತನ್ನ ಬೆರಳಿನಿಂದಲೇ, ಅಳಿಸಿ ಹಾಕಿದ್ದ! ಅವನು ರಿಪೇರಿಯಮ್ಮನ ಕಾಲಿಗೆ ಬೀಳುವುದೊಂದು ಬಾಕಿ.

“ಅಮ್ಮಾ, ಅದೊಂದು ಮೇಲ್ ಕೈ ತಪ್ಪಿ ಅಳಿಸ್ಬಿಟ್ಟೆ! ವಾಪಸ್ ಬರತ್ತಾ? ಹೇಗಾದ್ರೂ ಮಾಡಿ ತಾಯಿ!”

“ಅದಕ್ಯಾಕ್ರೀ ಅಳ್ತೀರಾ? ಕಂಪ್ಯೂಟರಲ್ಲೂ ನಿಮ್ಮದೇ ಥರ ಒಂದು ರ‍್ಯಾಕ್ ಇರತ್ತೆ. ಅಳಿಸಿದ್ದೆಲ್ಲ ಅಲ್ಲಿ ಬಿದ್ದಿರತ್ತೆ.” ಅವಳು ಕುರ್ಚಿ ಎಳೆದುಕೊಂಡು ಕೂತಳು. “ಆದ್ರೆ ವೈರ್ ಇಲ್ವಲ್ಲ?”

“ವೈರ್ ತಾನೆ? ತಗೊಳ್ಳಿ!” ಕೊಡೆಯಪ್ಪ ಕುಂಟುವುದನ್ನೂ ಮರೆತು ಓಡಿದ. ಕಪ್ಪು ಕೊಡೆ ಎಳೆದು ಪಟ್ಟನೆ ಬಿಚ್ಚಿದ. ವೈರು ಸಾಹೇಬರ ಪಾದದ ಬಳಿ ಬಿತ್ತು. ಅದು ಅಲ್ಲಿಗೆ ಹೇಗೆ ಹೋಯಿತೆಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. “ಬೇಗ ಅಮ್ಮಾ, ಎರಡೇ ನಿಮಿಷ ಇದೆ! ಕಳ್ಸಿ, ಕಳ್ಸಿ!”

ರಿಪೇರಿಯಮ್ಮ ಟಕಟಕ ಒತ್ತಿದಳು. ವೈರು ಸಿಕ್ಕಿಸಿದಳು. ನಿನ್ನೆ ಬಿದ್ದುಹೋಗಿದ್ದ ಲೈನು ಬಂದಿತ್ತು.

“ಹೋಯ್ತು” ಎಂದಳು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಒಂದು ನಿಮಿಷ ಬಾಕಿ ಇತ್ತು.

ಚಪ್ಪಾಳೆಯೋ ಚಪ್ಪಾಳೆ. ಸಾಹೇಬರು ಕೊಡೆಯಪ್ಪನನ್ನು ತಬ್ಬಿಕೊಂಡರು. ಕೊಡೆಯಪ್ಪನ ಕಣ್ಣಲ್ಲಿ ನೀರು ಬಂತು. “ನಿಮ್ಮಂಥ ಸಾಹೇಬ್ರು ಇನ್ನೆಲ್ಲೂ ಸಿಗಲ್ಲ ಸಾರ್” ಎಂದ. ಆ ಮಾತು ನಿಜಕ್ಕೂ ಹೃದಯದಿಂದಲೇ ಬಂದಿತ್ತು.

ರಿಪೇರಿಯಮ್ಮ ಸ್ಕ್ರೂಡ್ರೈವರನ್ನು ತುರುಬಿಗೆ ಸಿಕ್ಕಿಸಿಕೊಳ್ಳುತ್ತಾ ಎದ್ದಳು. “ಒಂದೇ ಅಂತ ಹೇಳಿದ್ರಿ, ಇದ್ದಿದ್ದು ಎರಡು. ಯಾವ್ದು ಅಂತ ನೋಡ್ತಾ ಕೂರೋಕೆ ಟೈಮ್ ಎಲ್ಲಿತ್ತು? ಎರಡನ್ನೂ ಕಳ್ಸಿದೀನಿ.”

ಸಾಹೇಬರ ಜೇಬಿನಲ್ಲಿ ಫೋನು ‘ಟಿಣ್’ ಎಂದಿತು.

ಅವರು ಕನ್ನಡಕ ಹಾಕಿಕೊಂಡು ಓದತೊಡಗಿದರು. ಓದುತ್ತಾ ಓದುತ್ತಾ ಎಡಗೈಯ ಬೆರಳು ಮಡಚುತ್ತಾ ಹೋದರು. ಐದು ಬೆರಳು ಮುಗಿದವು. ಮತ್ತೆ ಮೊದಲಿನಿಂದ ಐದು ಮುಗಿದವು. ಆಮೇಲೆ ಇನ್ನೂ ಒಂದು.

“ಹೆಡ್ಡಾಫೀಸಿಂದ ಉತ್ತರ ಬಂತಾ ಸಾರ್?” ಎಂದ ಉಗ್ರಾಣದ ಅಣ್ಣ.

“ಇಲ್ಲಪ್ಪ. ಇಲ್ಲಿಂದ್ಲೇ ಬಂದಿದೆ.”

“ಸಾರ್...” ಕೊಡೆಯಪ್ಪ ಎರಡೂ ಕೈ ಮುಗಿದ. “ನನ್ನ ಶಿಫಾರಸು ಬೇಕಾದ್ರೆ ವಾಪಸ್ ತಗೊಂಡ್ಬಿಡಿ ಸಾರ್.”

“ಹೆಡ್ಡಾಫೀಸಿಗೆ ಹೋದದ್ದು ವಾಪಸ್ ಬರಲ್ಲ ಕಣ್ರೀ. ಒಂದೇ ಹೆಸರು, ಅದೇ ಖಾಯಂ. ಸೋಮವಾರದಿಂದ ನೀವು ನನ್ನ ಎದುರಿಗೇ ಕೂರೋದು. ನಾನು ರಿಟೈರ್ ಆಗೋಕೆ ಇನ್ನೂ ಒಂಬತ್ತು ವರ್ಷ ಇದೆ.” ಸಾಹೇಬರು ಫೋನನ್ನು ನಿಧಾನವಾಗಿ ಜೇಬಿಗಿಟ್ಟು ತಲೆ ಸವರಿಕೊಂಡರು. “ಅಂದ ಹಾಗೆ, ನನ್ನ ಕೂದಲೂ ಬಸ್ಸಲ್ಲೇ ಕಳೆದಿದ್ದು ಕಣ್ರೀ. ಯಾರಾದ್ರೂ ತಂದ್ಕೊಟ್ರೆ ಚೀಟಿ ಕಟ್ಟಿ ಇಟ್ಟಿರಿ.”

ಟೈಪಿಸ್ಟಮ್ಮ ನಕ್ಕರು. ಉಗ್ರಾಣದ ಅಣ್ಣ ನಕ್ಕ. ರಿಪೇರಿಯಮ್ಮನೂ ಒಂದಿಷ್ಟು ನಕ್ಕಳು. ಸಾಹೇಬರು ಅವರ ಯಾರ ಕಡೆಗೂ ನೋಡಲಿಲ್ಲ. ಕೈಕಟ್ಟಿಕೊಂಡು ಕೊಡೆಯಪ್ಪನ ಮುಖವನ್ನೇ ನೋಡುತ್ತಾ ಕಾದರು. ಕೊಡೆಯಪ್ಪ ಬಾಯಿ ತೆರೆದ. ನಗಬೇಕೋ ಮುಚ್ಚಬೇಕೋ ತಿಳಿಯದೆ ತೆರೆದುಕೊಂಡೇ ನಿಂತ.