ಮಚ್ಚೇಂದ್ರ ಬಿದ್ದ ಜಾಗ

ಹೊರಡುವ ಮೊದಲು ಒಂದೇ ಒಂದು ಸಲ ಬಿದ್ದು ನೋಡಿಬಿಡೋಣ ಎಂದು ಮಚ್ಚೇಂದ್ರನಿಗೆ ಅನ್ನಿಸಿದ್ದೇ ಆ ದಿನದ ಎಲ್ಲ ಫಜೀತಿಗೂ ಮೂಲವಾಯಿತು.

ಹುಮನಾಬಾದಿನ ಹಳೆಯ ದಾಲ್ ಮಿಲ್ಲಿನ ಅಂಗಳದಲ್ಲಿ ಹಾಸ್ಯ ಸಿನಿಮಾವೊಂದರ ಶೂಟಿಂಗ್ ನಡೆದಿತ್ತು. ಚೆನ್ನಾಗಿ ಬೀಳಬಲ್ಲವರು ಬೇಕಾಗಿದ್ದಾರೆ, ಹನ್ನೊಂದು ಗಂಟೆಗೆ ಬರಬೇಕು ಎಂದು ಫೋನಿಗೆ ಸುದ್ದಿ ಬಂದಿತ್ತು. ರಾಜೇಶ್ವರದ ಮೂವತ್ತಾರು ವರ್ಷದ ಕೂಲಿಗಾರ ಮಚ್ಚೇಂದ್ರ ಅದನ್ನು ನಾಲ್ಕು ಸಲ ಓದಿದ. ತನ್ನ ಹೆಸರೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ತನಗಾಗಿಯೇ ಬರೆದಂತಿತ್ತು.

ಸಿನಿಮಾದಲ್ಲಿ ಅವನು ಹಾಡು ನೋಡುವವನಲ್ಲ, ಹೊಡೆದಾಟ ನೋಡುವವನೂ ಅಲ್ಲ. ಅವನು ನೋಡುವುದು ಬೀಳುವವರನ್ನು. ಸಾಬೂನು ನೀರಿನ ಮೇಲೆ ಜಾರುವವನು, ಹೆಗಲ ಮೇಲಿನ ಏಣಿ ತಿರುಗಿಸಿ ನಾಲ್ವರನ್ನು ಕೆಡವಿ ಕೊನೆಗೆ ತಾನೂ ಉರುಳುವವನು, ಮುರಿದ ಮಂಚದ ಮೇಲೆ ಬಲು ಗತ್ತಿನಿಂದ ಕೂರುವವನು. ಜನ ನಕ್ಕು ಮರೆತುಬಿಡುತ್ತಾರೆ. ಮಚ್ಚೇಂದ್ರ ಹಿಂದಕ್ಕೆ ತಿರುಗಿಸಿ ಮತ್ತೆ ನೋಡುತ್ತಾನೆ.

"ಅಳಸೋದು ಉಳ್ಳಾಗಡ್ಡಿಗೂ ಬರ್ತದ," ಎಂದು ಹೆಂಡತಿ ರತ್ನಮಾಲಾಗೆ ಹೇಳುತ್ತಿದ್ದ. "ಮೈ ನೆಲಕ್ಕ ಬಡದು ಮಂದೀಗಿ ನಗಸೋದದಲ್ಲ, ಅದಕ್ಕ ಎದಿ ಬೇಕು."

ಅವನ ಮಾತು ಸುಳ್ಳಲ್ಲ. ಬೀಳುವವನು ಸುಮ್ಮನೆ ಬೀಳುವಂತಿಲ್ಲ. ಕಾಲು ಜಾರಿದ ಮೇಲೆ ಅರೆಗಳಿಗೆ ಗಾಳಿಯಲ್ಲಿ ನಿಂತು, ಇನ್ನೇನು ಉಳಿದುಕೊಂಡೆ ಎಂಬ ಆಸೆಯನ್ನು ಮುಖಕ್ಕೆ ತಂದುಕೊಂಡು, ಆಮೇಲೆ ಬೀಳಬೇಕು. ನಗೆ ಹುಟ್ಟುವುದು ಆ ಆಸೆಯಲ್ಲಿ. ಮಾನ, ಮೈ ಎರಡನ್ನೂ ಜನರ ಮುಂದೆ ಹಾಸಿಬಿಡುವ ಅಂಥವರನ್ನು ಕಂಡರೆ ಮಚ್ಚೇಂದ್ರನಿಗೆ ಕೈಮುಗಿಯುವಷ್ಟು ಗೌರವ. ಹತ್ತು ವರ್ಷ ತೊಗರಿ ಹೊಲದ ಬದುವಿನ ಮೇಲೆ ಬಿದ್ದು ಬಿದ್ದು ಅವನೂ ಕಲಿತಿದ್ದ. ಸಾಯುವುದರೊಳಗೆ ಒಂದು ಸಲ ಪರದೆಯ ಮೇಲೆ ಬೀಳಬೇಕು ಎಂಬುದೊಂದೇ ಅವನ ಆಸೆ.

ಹಾಗಾಗಿ ಬೆಳಿಗ್ಗೆ ಅಂಗಳದಲ್ಲಿ, ತಾನೇ ಮೆಚ್ಚುವಂತೆ ಒಂದು ಸಲ ಬಿದ್ದ. ಸದ್ದು ಕೇಳಿ ಅವನನ್ನು ಸಾಕಿ ಬೆಳೆಸಿದ, ಎಲ್ಲರೂ ಆಯಿ ಎಂದೇ ಕರೆಯುವ ಅಜ್ಜಿ ಶೇವಂತಾಬಾಯಿ ಒಳಗಿನಿಂದ ಓಡಿ ಬಂದಳು.

ಮಗು ಎಡವಿ ಬಿದ್ದಾಗ ನಮ್ಮ ತಾಯಂದಿರು ಮೊದಲು ನೆಲವನ್ನು ವಿಚಾರಿಸಿಕೊಳ್ಳುತ್ತಾರೆ. ಮಗುವನ್ನು ಕೆಡವಿದ ತಪ್ಪಿಗೆ ನೆಲಕ್ಕೆ ನಾಲ್ಕೇಟು ಹಾಕಿದರೆ ಮಗು ಅಳು ನಿಲ್ಲಿಸುತ್ತದೆ. ಬೇರೆ ಮನೆಗಳಲ್ಲಿ ಇದು ಮಗುವಿಗೆ ಮೂರು ವರ್ಷವಾಗುವಷ್ಟರಲ್ಲಿ ಮುಗಿಯುತ್ತದೆ. ಶೇವಂತಾಬಾಯಿ ಮಾತ್ರ ಮೂವತ್ತಾರು ವರ್ಷವಾದರೂ ನಿಲ್ಲಿಸಿರಲಿಲ್ಲ.

"ನನ್ನ ಮೊಮ್ಮಗಗ ಕೆಡವತಿ? ಕಣ್ಣ ಕಾಣಸಂಗಿಲ್ಲೇನು ನಿನಗ?" ಎಂದು ನೆಲಕ್ಕೆ ಪಟಪಟನೆ ಹೊಡೆದಳು.

ಪಕ್ಕದ ಮನೆಯ ಸರುಬಾಯಿ ಗೋಡೆಯ ಮೇಲಿಂದ ಮುಖ ಹಾಕಿದಳು. "ಒಣಾ ನೆಲದ ಮ್ಯಾಲ ಬಿದ್ದಾನಂದ್ರ ತಲಿ ತಿರುಗಾಕತ್ತದ. ಇವಗ ಒಬ್ಬಗೇ ಕಳಸಬ್ಯಾಡ್ರಿ, ಆಯಿ."

"ಸರುವಕ್ಕ, ನಾ ಬೇಕಂತ ಬಿದ್ದೀನಿ."

"ಬೇಕಂತ ಯಾರರ ಬೀಳ್ತಾರೇನೋ? ಕೇಳ್ರಿ ಆಯಿ, ಮಾತೂ ಹೆಚ್ಚುಕಮ್ಮಿ ಆಗ್ಯಾದ."

"ಬೇಕಂತ ಬಿದ್ರೂ ಪೆಟ್ಟು ಹತ್ತಂಗಿಲ್ಲೇನು?" ಎಂದ ಆಯಿ ಆಗಲೇ ಸೆರಗು ಸಿಕ್ಕಿಸಿ ಹೊರಟು ನಿಂತಿದ್ದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವಳನ್ನು ತಡೆಯಲು ಮಚ್ಚೇಂದ್ರನಿಗೆ ನೆಪವೂ ಸಿಗಲಿಲ್ಲ.

ಬಸವಕಲ್ಯಾಣದಿಂದ ಬಂದ ಬಸ್ಸು ತುಂಬಿತ್ತು. ಹತ್ತುವ ಗಡಿಬಿಡಿಯಲ್ಲಿ ಮಚ್ಚೇಂದ್ರ ನಿಜವಾಗಿಯೇ ಮೆಟ್ಟಿಲ ಮೇಲೆ ಜಾರಿದ. ಆಯಿ ಕಾಲಲ್ಲಿದ್ದ ಚಪ್ಪಲಿ ತೆಗೆದು ಮೆಟ್ಟಿಲಿಗೆ ಎರಡು ಬಿಟ್ಟಳು.

"ಆಯಿ, ಸರ್ಕಾರಿ ಬಸ್ ಅದ, ಹೊಡೀಬ್ಯಾಡ್ರಿ," ಎಂದ ಕಂಡಕ್ಟರ್.

"ಸರ್ಕಾರ ಕೆಡವಬಹುದು, ನಾ ಹೊಡೀಬಾರದೇನು?"

ಇಡೀ ಬಸ್ಸು ಆಯಿಯ ಪರ ನಿಂತಿತು. ಮುಂದಿನ ಸೀಟಿನಲ್ಲಿದ್ದ ಮುನ್ನಿ ಬೀ ಎಂಬಾಕೆ ಎದ್ದು, "ಕೂಡಪ್ಪ, ನಿನ್ನ ತಬಿಯತ್ ಸರಿ ಇಲ್ಲ," ಎಂದು ಅವನನ್ನು ಎಳೆದು ಕೂರಿಸಿದಳು. ಹುಮನಾಬಾದ್ ಬರುವಷ್ಟರಲ್ಲಿ ಮೂವರು ಮೂರು ಔಷಧಿ ಹೇಳಿದ್ದರು. ಇಳಿಯುವಾಗ ಇಬ್ಬರು ಅವನ ರಟ್ಟೆ ಹಿಡಿದು, ಬೇಡವೆಂದರೂ ಕೇಳದೆ, ದಾಲ್ ಮಿಲ್ಲಿನ ಗೇಟಿನವರೆಗೆ ಮುಟ್ಟಿಸಿ ಹೋದರು.

ಅಂಗಳದಲ್ಲಿ ಹನ್ನೆರಡು ಮಂದಿ ಸಾಲಾಗಿ ನಿಂತಿದ್ದರು. ಡೈರೆಕ್ಟರ್ ಸಂತೋಷಕುಮಾರ ಛತ್ರಿಯ ಕೆಳಗೆ ಕುಳಿತು ಆಕಳಿಸುತ್ತಿದ್ದ. ಬಂದವರು ಒಬ್ಬೊಬ್ಬರಾಗಿ ಟ್ರೇಯಲ್ಲಿ ಸ್ಟೀಲ್ ಲೋಟಗಳನ್ನಿಟ್ಟುಕೊಂಡು ಚಹಾ ತರಬೇಕು, ಒದ್ದೆ ನೆಲದ ಮೇಲೆ ಜಾರಬೇಕು. ಒಬ್ಬ ಕುರ್ಚಿ ನೋಡಿ ಕುಳಿತಂತೆ ಬಿದ್ದ. ಇನ್ನೊಬ್ಬ ಬೀಳುವ ಮೊದಲು ಪ್ಯಾಂಟು ಮೇಲಕ್ಕೆಳೆದುಕೊಂಡ. ಮಚ್ಚೇಂದ್ರನಿಗೆ ನೋಡಲಾಗಲಿಲ್ಲ.

ಅವನು ಆಯಿಯನ್ನು ಬೇವಿನ ಮರದ ಕೆಳಗೆ ಕೂರಿಸಿದ. "ಏನೇ ಆಗಲಿ, ನೀ ಏಳಬ್ಯಾಡ. ನನ್ನ ಆಣಿ ಅದ."

"ಆಯ್ತು ಮಚ್ಯಾ, ಏಳಂಗಿಲ್ಲ."

ಮಚ್ಚೇಂದ್ರ ಟ್ರೇ ಹಿಡಿದು ನಡೆದ. ಎಡಗಾಲು ಜಾರಿತು, ಬಲಗಾಲು ಅದನ್ನು ಹುಡುಕಿಕೊಂಡು ಹೋಯಿತು. ಲೋಟಗಳು ಮೇಲೆದ್ದವು, ಅವನು ಟ್ರೇಯಲ್ಲಿ ಒಂದೊಂದನ್ನೇ ಹಿಡಿದ. ಎಲ್ಲ ಸಿಕ್ಕವು. ಮುಖದ ಮೇಲೆ ಆ ಆಸೆ ಅರಳಿತು. ಆಮೇಲೆ ಬೆನ್ನು ಕೆಳಗಾಗಿ ದಢಾರನೆ ಬಿದ್ದ.

ಇಡೀ ಅಂಗಳ ನಕ್ಕಿತು. ಆಕಾಶ ನೋಡುತ್ತ ಮಲಗಿದ್ದ ಮಚ್ಚೇಂದ್ರನಿಗೆ ಜನ್ಮ ಸಾರ್ಥಕವೆನಿಸಿತು. ಆದರೆ ನಗೆ ಇಳಿಯುವ ಬದಲು ಎರಡು ಪಟ್ಟಾಯಿತು. ತಲೆ ಎತ್ತಿ ನೋಡಿದರೆ ಪಕ್ಕದಲ್ಲಿ ಆಯಿ, ಕೈಯಲ್ಲಿ ಚಪ್ಪಲಿ.

"ಎಷ್ಟ ಸಲ ಹೇಳಬೇಕು ನಿನಗ?" ಎಂದು ಅವಳು ನೆಲವನ್ನು ತರಾಟೆಗೆ ತೆಗೆದುಕೊಂಡಿದ್ದಳು. "ಮುಂಜಾನಿ ಊರಾಗ ಹೊಡದೀನಿ, ಬಸ್ಸಿನಾಗ ಹೊಡದೀನಿ. ಇಲ್ಲೀತನಕ ಬೆನ್ನ ಹತ್ತಿ ಬಂದಿಯೇನು?"

ಡೈರೆಕ್ಟರ್ ಕಣ್ಣೊರೆಸಿಕೊಳ್ಳುತ್ತ ಎದ್ದು ಬಂದ. "ಇದೇ ಬೇಕಾಗಿತ್ತು ನನಗ. ಅಣ್ಣಾರ, ನೀವಿಬ್ಬರೂ ಇರ್ರಿ. ಮಧ್ಯಾಹ್ನಾನೇ ಶೂಟ್ ಮಾಡ್ತೀವಿ."

ಮಚ್ಚೇಂದ್ರ ರತ್ನಮಾಲಾಗೆ ಫೋನು ಮಾಡಿದ. "ತಗೊಂಡ್ರು," ಎಂದ.

ಮಧ್ಯಾಹ್ನ ಆಯಿಗೆ ಪೌಡರ್ ಹಚ್ಚಿದರು. ತನಗೆ ಹಚ್ಚಲು ಮರೆತಿರಬೇಕು ಎಂದು ಮಚ್ಚೇಂದ್ರ ಕಾದ. ಅಷ್ಟರಲ್ಲಿ, ಇಷ್ಟು ನಗೆಯ ಸೀನಿನಲ್ಲಿ ತಾನೇ ಬೀಳುತ್ತೇನೆಂದು ಸಿನಿಮಾದ ಹೀರೋ ಬಂದು, ಟ್ರೇ ಹಿಡಿದು ನಡೆದು, ಜಾರಿ ಬಿದ್ದ. ಆಯಿ ಕೂತಲ್ಲಿಂದ ಅಲುಗಲಿಲ್ಲ.

"ಆಯಿ, ಈಗ ಓಡಿ ಬಂದು ನೆಲಕ್ಕ ಹೊಡೀರಿ," ಎಂದ ಡೈರೆಕ್ಟರ್.

"ಅವಗ ಅವ್ವ ಇಲ್ಲೇನು? ಆಕಿಗಿ ಕರೀರಿ, ಹೊಡೀತಾಳ."

ಹೀರೋ ನಾಲ್ಕು ಸಲ ಬಿದ್ದ. ಆಯಿ ಎಲೆ ಅಡಿಕೆ ಹಾಕಿಕೊಂಡಳು. ಐದನೆಯ ಸಲಕ್ಕೆ ಡೈರೆಕ್ಟರ್ ತಿರುಗಿ ಮಚ್ಚೇಂದ್ರನನ್ನು ನೋಡಿದ.

"ಅಣ್ಣಾರ, ನೀವು ಈ ಕ್ಯಾಮೆರಾದ ಬಾಜೂಕ ಬೀಳ್ರಿ. ಮುಂಜಾನಿ ಬಿದ್ದಂಗೇ ಬೀಳಬೇಕು."

"ಬಾಜೂಕ ಬಿದ್ರ ನಾ ಸಿನಿಮಾದಾಗ ಕಾಣಸ್ತೀನೇನ್ರಿ?"

"ನೀವು ಕಾಣಸಂಗಿಲ್ರಿ. ಕ್ಯಾಮೆರಾ ಆಯಿ ಮ್ಯಾಲ ಇರ್ತದ. ಹೀರೋ ಬಿದ್ದದ್ದು ಆಮ್ಯಾಲ ಜೋಡಸ್ತೀವಿ. ಆದರ ನೀವು ಬೀಳಲಿಲ್ಲಂದ್ರ ಆಯಿ ಏಳಂಗಿಲ್ಲಲ್ರಿ."

ಮಚ್ಚೇಂದ್ರ ಒಮ್ಮೆ ಗೇಟಿನ ಕಡೆ ನೋಡಿದ. ಹೊರಟುಹೋಗಬಹುದಿತ್ತು. ಆದರೆ ಚೆನ್ನಾಗಿ ಬೀಳು ಎಂದು ಕೇಳಿದವರಿಗೆ ಇಲ್ಲ ಎನ್ನುವುದು ಅವನಿಗೆ ತಿಳಿಯದು. ಬಿದ್ದ. ಬೆಳಕು ಸರಿಯಿಲ್ಲವೆಂದರು, ಮತ್ತೆ ಬಿದ್ದ. ಆಯಿಯ ಸೆರಗು ಅಡ್ಡ ಬಂತೆಂದರು, ಮತ್ತೂ ಬಿದ್ದ. ಒಂಬತ್ತನೆಯ ಸಲ ಹೇಗೋ ಏನೋ, ಎರಡೂ ಕಾಲು ನೆಲ ಬಿಟ್ಟವು. ಅವನು ಗಾಳಿಯಲ್ಲಿ ಒಂದು ಗಳಿಗೆ ಪೂರ್ತಿ ನಿಂತ. ಹತ್ತು ವರ್ಷದಲ್ಲಿ ಅಷ್ಟು ಚಂದ ಅವನು ಎಂದೂ ಬಿದ್ದಿರಲಿಲ್ಲ.

ಅಂಗಳದಲ್ಲಿದ್ದವರೆಲ್ಲ ಕ್ಯಾಮೆರಾದ ಜೊತೆ ಶೇವಂತಾಬಾಯಿಯ ಮುಖವನ್ನೇ ನೋಡುತ್ತಿದ್ದರು. ಅವನು ಬಿದ್ದದ್ದನ್ನು ನೋಡಿದವಳು ಆಯಿ ಒಬ್ಬಳೇ. ಅವಳಿಗೆ ನಗೆ ಬರಲಿಲ್ಲ. ಚಪ್ಪಲಿ ಕೈಗೆ ತೆಗೆದುಕೊಂಡು, ಅಳುತ್ತ ಓಡಿ ಬಂದಳು.